ಪಕ್ಕದ ಊರಿಗೆ ದಾಟಿಸಿದ ಮಾರಿ

ಪ್ರಾಜೆಕ್ಟ್ ರಿಪೋರ್ಟ್ ಒಪ್ಪಿಸುವ ಹಿಂದಿನ ರಾತ್ರಿ ಮಣಿಪಾಲದ ಜೆರಾಕ್ಸ್ ಅಂಗಡಿಗಳು ಹೇಗಿರುತ್ತವೆಂದು ಅಲ್ಲಿ ಓದಿದವರಿಗೆ ಹೇಳಬೇಕಿಲ್ಲ. ಒಂದು ಕಂಪ್ಯೂಟರ್, ಅದರೆದುರು ಒಬ್ಬ ಹುಡುಗ, ಅವನೆದುರು ಮೂವತ್ತು ನಲವತ್ತು ಜನ. ಈಗ ಎಲ್ಲರೂ ಫೈಲನ್ನು ವಾಟ್ಸಾಪಿಗೋ ಮೇಲಿಗೋ ಕಳಿಸುತ್ತಾರೆ. ಹತ್ತು ಹದಿನೈದು ವರ್ಷದ ಹಿಂದೆ ಎಲ್ಲರ ಕೈಯಲ್ಲೂ ಪೆನ್ ಡ್ರೈವ್ ಇರುತ್ತಿತ್ತು. ಒಬ್ಬರದ್ದು ಚುಚ್ಚಿ, ಪ್ರಿಂಟ್ ತೆಗೆದು, ಕಿತ್ತು, ಇನ್ನೊಬ್ಬರದ್ದು ಚುಚ್ಚಿ. ಸ್ಪೈರಲ್ ಬೈಂಡಿಂಗ್ ಆದ ಪುಸ್ತಕದ ಜೊತೆಗೆ ಹಾಸ್ಟೆಲಿಗೆ ಇನ್ನೊಂದು ವಸ್ತುವೂ ಬರುತ್ತಿತ್ತು. ಪೆನ್ ಡ್ರೈವ್ ತೆರೆದರೆ ಫೋಲ್ಡರುಗಳೆಲ್ಲ ಮಾಯ, ಅವುಗಳ ಜಾಗದಲ್ಲಿ ಅದೇ ಹೆಸರಿನ ಶಾರ್ಟ್‌ಕಟ್‌ಗಳು. ಎಲ್ಲರೂ ಅದನ್ನು 'ಶಾರ್ಟ್‌ಕಟ್ ವೈರಸ್' ಎಂದೇ ಕರೆದರು.

ಅದರ ಕೆಲಸದ ರೀತಿ ಸರಳ. ಅದು ಫೈಲುಗಳನ್ನು ಅಳಿಸುವುದಿಲ್ಲ, ಕಣ್ಣಿಗೆ ಕಾಣದಂತೆ ಮುಚ್ಚಿಡುತ್ತದೆ. ಪ್ರತಿ ಫೋಲ್ಡರಿನ ಹೆಸರಲ್ಲಿ ಒಂದು ಶಾರ್ಟ್‌ಕಟ್ ಮಾಡಿ, ಅದಕ್ಕೆ ಫೋಲ್ಡರಿನದೇ ಚಿತ್ರ ಅಂಟಿಸುತ್ತದೆ. ನೀವು ಒತ್ತಿದರೆ ಮೊದಲು ತಾನು ಓಡಿ ಆ ಕಂಪ್ಯೂಟರಿನಲ್ಲಿ ನೆಲೆ ಮಾಡಿಕೊಳ್ಳುತ್ತದೆ, ಆಮೇಲೆ ನಿಮ್ಮ ನಿಜವಾದ ಫೋಲ್ಡರನ್ನೂ ತೆರೆದು ತೋರಿಸುತ್ತದೆ. ಕೇಳಿದ್ದು ಸಿಕ್ಕಿತಲ್ಲ, ಹಾಗಾಗಿ ಯಾರಿಗೂ ಅನುಮಾನ ಬರುವುದಿಲ್ಲ. ಮುಂದೆ ಆ ಕಂಪ್ಯೂಟರಿಗೆ ಚುಚ್ಚಿದ ಪ್ರತಿ ಪೆನ್ ಡ್ರೈವೂ ಅದರ ವಾಹನ. ಈ ಬಗೆಯವಕ್ಕೆ ವಿಂಡೋಸ್‌ನ 'ಆಟೋರನ್' ಎಂಬ ಸೌಲಭ್ಯ ವರ್ಷಗಟ್ಟಲೆ ಬಾಗಿಲು ತೆರೆದು ಕೊಟ್ಟಿತ್ತು. ಚುಚ್ಚಿದ ಕೂಡಲೇ ತಾನೇ ಓಡಲಿ ಎಂದು ನಮ್ಮ ಅನುಕೂಲಕ್ಕೆ ಮಾಡಿಟ್ಟದ್ದು ಅದು. ಹಳೆಯ ವಿಂಡೋಸ್‌ಗಳಲ್ಲೂ ಪೆನ್ ಡ್ರೈವುಗಳ ಮಟ್ಟಿಗೆ ಆ ಬಾಗಿಲನ್ನು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಎಲ್ಲರಿಗೂ ಕಳಿಸಿದ್ದು 2011ರಲ್ಲಿ.

ಈಗ ಪ್ರಶ್ನೆ. ಹಾಸ್ಟೆಲಿನ ಹುಡುಗಿ 'ಅಂಗಡಿಯಿಂದ ಬಂತು' ಎನ್ನುತ್ತಾಳೆ. ಅಂಗಡಿಯ ಹುಡುಗ 'ನೀವೇ ತಂದು ಹಾಕಿ ಹೋಗುವುದು, ನಾನು ವಾರಕ್ಕೊಮ್ಮೆ ಫಾರ್ಮ್ಯಾಟ್ ಹೊಡೆಯಬೇಕು' ಎನ್ನುತ್ತಾನೆ. ಎರಡೂ ನಿಜ. ವೈರಸ್ ಬರೆದವನು ಇವರಿಬ್ಬರನ್ನೂ ನೋಡಿಲ್ಲ, ಮಣಿಪಾಲ ಎಂಬ ಊರಿದೆಯೆಂದೂ ಅವನಿಗೆ ಗೊತ್ತಿರಲಿಕ್ಕಿಲ್ಲ. ಅವನು ತಪ್ಪಿತಸ್ಥ ಎನ್ನುವುದರಲ್ಲಿ ಚರ್ಚೆಗೆ ಏನೂ ಇಲ್ಲ. ನನಗೆ ತೊಡಕೆನಿಸುವುದು ನಡುವಿನವರ ಸ್ಥಿತಿ. ತಾನೇ ಸೋಂಕಿಗೆ ಸಿಕ್ಕಿ, ಅರಿಯದೆ ಇನ್ನೊಬ್ಬರಿಗೆ ದಾಟಿಸಿದವರಿಗೆ ಏನಾದರೂ ಹೊಣೆ ಇದೆಯೆ?

ಇಲ್ಲ ಎನ್ನುವುದು ಮೊದಲು ತೋಚುವ ಉತ್ತರ. ನಮ್ಮ ಕಾನೂನೂ ಸುಮಾರಾಗಿ ಅದನ್ನೇ ಹೇಳುತ್ತದೆ. 2000ದ ಅಕ್ಟೋಬರ್ 17ರಂದು ಜಾರಿಗೆ ಬಂದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಕಲಮು, ಒಡೆಯರ ಅನುಮತಿ ಇಲ್ಲದೆ ಅವರ ಕಂಪ್ಯೂಟರಿಗೆ ವೈರಸ್ ಸೇರಿಸಿದವರು ಪರಿಹಾರ ಕೊಡಬೇಕು ಎನ್ನುತ್ತದೆ. 2008ರ ತಿದ್ದುಪಡಿಯ ನಂತರದ 66ನೇ ಕಲಮಿನ ಪ್ರಕಾರ, ಅದೇ ಕೆಲಸವನ್ನು ಅಪ್ರಾಮಾಣಿಕವಾಗಿ ಅಥವಾ ವಂಚನೆಯ ಉದ್ದೇಶದಿಂದ ಮಾಡಿದರೆ ಮೂರು ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಅರಿಯದೆ ಸಾಗಿಸಿದವರನ್ನು ಜೈಲಿಗೆ ಹಾಕುವ ಮಾತು ಇಲ್ಲಿಲ್ಲ, ಇರಲೂಬಾರದು.

ಆದರೆ 'ಹಾನಿ ಮಾಡುವ ಉದ್ದೇಶ ಇರಲಿಲ್ಲ' ಎಂಬ ಮಾತು ಎಲ್ಲಿಯವರೆಗೆ ನಡೆಯುತ್ತದೆ? 1988ರ ನವೆಂಬರ್ 2ರಂದು ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಾಬರ್ಟ್ ಮಾರಿಸ್ ಒಂದು ಪ್ರೋಗ್ರಾಮನ್ನು ಅಂತರ್ಜಾಲಕ್ಕೆ ಬಿಟ್ಟ. ಸದ್ದಿಲ್ಲದೆ ಹರಡಬೇಕು, ಯಾರಿಗೂ ತೊಂದರೆ ಆಗಬಾರದು ಎಂಬುದು ಅವನ ಯೋಜನೆ. ಒಂದು ಯಂತ್ರದಲ್ಲಿ ತನ್ನ ಪ್ರತಿ ಆಗಲೇ ಇದ್ದರೆ ಹೊಸದು ಸುಮ್ಮನೆ ನಿಂತುಬಿಡಬೇಕಿತ್ತು. ಆದರೆ ಯಾರಾದರೂ 'ಪ್ರತಿ ಇದೆ' ಎಂದು ಸುಳ್ಳು ಹೇಳಿ ತಡೆದಾರು ಎಂದು, ಏಳರಲ್ಲಿ ಒಂದು ಸಲ ಹೇಗಿದ್ದರೂ ನೆಲೆಸು ಎಂದು ಬರೆದಿಟ್ಟ. ಆ ಏಳರಲ್ಲಿ ಒಂದು ತುಂಬ ಹೆಚ್ಚಾಯಿತು. ಪ್ರತಿಗಳು ಪೇರಿಸಿಕೊಂಡು ಯಂತ್ರಗಳು ಉಸಿರುಗಟ್ಟಿ ನಿಂತವು. ಆಗಿನ ಅಂದಾಜಿನಂತೆ ಅಂಥವು ಸುಮಾರು 6,000. 1991ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ, ಅನುಮತಿಯಿಲ್ಲದೆ ಒಳನುಗ್ಗುವ ಉದ್ದೇಶ ಇದ್ದದ್ದೇ ಸಾಕು, ನಷ್ಟ ಮಾಡುವ ಉದ್ದೇಶ ಇತ್ತೆಂದು ಸಾಬೀತಾಗಬೇಕಿಲ್ಲ ಎಂದು ಅವನ ಶಿಕ್ಷೆಯನ್ನು ಎತ್ತಿಹಿಡಿಯಿತು. ಅವನು ಮುಂದೆ ಎಂಐಟಿಯಲ್ಲಿ ಪ್ರೊಫೆಸರಾದ (ನಮ್ಮ ಮಣಿಪಾಲದ ಎಂಐಟಿ ಅಲ್ಲ, ಮ್ಯಾಸಚೂಸೆಟ್ಸಿನದು).

ಮಾರಿಸ್ ಬರೆದವನು, ಸಾಗಿಸಿದವನಲ್ಲ ಎನ್ನಬಹುದು. ಸರಿ. ಹಾಗಾದರೆ ಸಾಗಿಸಿದವರ ಪರವಾಗಿ ಇರುವ ಅತ್ಯಂತ ಬಲವಾದ ವಾದವನ್ನೇ ನೋಡೋಣ. ಅದು ಗಣಿತದಿಂದ ಬರುತ್ತದೆ. ಕಂಪ್ಯೂಟರ್ ವೈರಸ್‌ಗಳನ್ನು 1980ರ ದಶಕದಲ್ಲಿ ಮೊದಲು ಶಾಸ್ತ್ರೀಯವಾಗಿ ಅಧ್ಯಯನ ಮಾಡಿದ ಫ್ರೆಡ್ ಕೋಹೆನ್, ಎಲ್ಲ ವೈರಸ್‌ಗಳನ್ನೂ ತಪ್ಪದೆ ಗುರುತಿಸುವ ಪ್ರೋಗ್ರಾಮ್ ಸಾಧ್ಯವೇ ಇಲ್ಲ ಎಂದು ತೋರಿಸಿದ. ವಾದ ಚಿಕ್ಕದು. ಅಂಥ ಒಬ್ಬ ಸರ್ವಜ್ಞ ಪರೀಕ್ಷಕ ಇದ್ದಾನೆ ಎಂದುಕೊಳ್ಳಿ. ನಾನು ಒಂದು ಪ್ರೋಗ್ರಾಮ್ ಬರೆಯುತ್ತೇನೆ. ಅದು ಮೊದಲು ಆ ಪರೀಕ್ಷಕನನ್ನೇ ಕೇಳುತ್ತದೆ: ನಾನು ವೈರಸ್ಸೋ? ಅವನು ಹೌದೆಂದರೆ ನನ್ನ ಪ್ರೋಗ್ರಾಮ್ ಯಾರಿಗೂ ಹರಡದೆ ಸುಮ್ಮನಿರುತ್ತದೆ. ಅಲ್ಲವೆಂದರೆ ಹರಡುತ್ತದೆ. ಏನು ಹೇಳಿದರೂ ಅವನ ಮಾತು ಸುಳ್ಳಾಗುತ್ತದೆ. ಅಂದರೆ ನೀವು ಎಷ್ಟೇ ದುಡ್ಡು ಕೊಟ್ಟು ಆ್ಯಂಟಿವೈರಸ್ ಹಾಕಿಸಿದರೂ, ನಿಮ್ಮ ಯಂತ್ರ ನೂರಕ್ಕೆ ನೂರು ಶುದ್ಧ ಎಂದು ತಿಳಿಯುವ ದಾರಿ ಇಲ್ಲ. ತಿಳಿಯಲಾಗದ್ದಕ್ಕೆ ಹೊಣೆ ಎಲ್ಲಿಂದ ಬರಬೇಕು?

ಇಲ್ಲಿಯವರೆಗೆ ಬಂದಾಗಲೆಲ್ಲ ನನಗೆ ಕಾರ್ಕಳ ನೆನಪಾಗುತ್ತದೆ. ಅಲ್ಲಿನ ಬಂಡೆಯ ಮೇಲೆ 1432ರಲ್ಲಿ ವೀರಪಾಂಡ್ಯ ನಿಲ್ಲಿಸಿದ ಸುಮಾರು 42 ಅಡಿಯ ಗೊಮ್ಮಟನಿಗಿಂತ ಹೆಚ್ಚಾಗಿ, ಅವನನ್ನು ನೋಡಲು ಬರುವ ದಿಗಂಬರ ಮುನಿಗಳ ಕೈಯಲ್ಲಿರುವ ಪಿಂಛಿ. ನವಿಲುಗರಿಯ ಆ ಪುಟ್ಟ ಪೊರಕೆಯಿಂದ ಕೂರುವ ಮುನ್ನ ನೆಲವನ್ನು ಮೆಲ್ಲಗೆ ಸವರುತ್ತಾರೆ, ಕಣ್ಣಿಗೆ ಕಾಣದ ಜೀವವೊಂದು ಅಡಿಗೆ ಸಿಕ್ಕದಿರಲಿ ಎಂದು. ನೆಲದ ಮೇಲಿನ ಎಲ್ಲ ಜೀವಿಗಳನ್ನೂ ತಿಳಿಯುವುದು ಅಸಾಧ್ಯ ಎಂದು ಜೈನರಿಗೆ ಕೋಹೆನ್‌ಗಿಂತ ಎರಡು ಸಾವಿರ ವರ್ಷ ಮೊದಲೇ ಗೊತ್ತಿತ್ತು. ಗಾಳಿಯಲ್ಲಿ, ನೀರಿನಲ್ಲಿ, ಮಣ್ಣಿನಲ್ಲಿ ಎಲ್ಲೆಲ್ಲೂ ಜೀವ ಎಂದ ಮೇಲೆ ಹಿಂಸೆ ತಪ್ಪಿಸುವುದು ಹೇಗೆ? ಅವರು ಹೊಣೆಯನ್ನು ಅರಿವಿನ ಮೇಲೆ ನಿಲ್ಲಿಸಲಿಲ್ಲ, ಎಚ್ಚರದ ಮೇಲೆ ನಿಲ್ಲಿಸಿದರು. ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾತಿ ಹಿಂಸೆಗೆ ಲಕ್ಷಣ ಹೇಳುವಾಗ ಪ್ರಾಣಹಾನಿಯ ಜೊತೆಗೆ ಪ್ರಮಾದವನ್ನು, ಅಂದರೆ ಮೈಮರೆವನ್ನು, ಸೇರಿಸಿಯೇ ಹೇಳುತ್ತಾನೆ. ಜೈನ ಆಚಾರ್ಯರು ಇದನ್ನು ಕೊನೆಯವರೆಗೆ ಎಳೆದು ನೋಡಿದ್ದಾರೆ: ನೋಡಿಕೊಂಡು ಕಾಲಿಡುವ ಮುನಿಯ ಅಡಿಗೆ ಹುಳು ಬಂದು ಸತ್ತರೆ ಅವನಿಗೆ ಹಿಂಸೆಯ ದೋಷವಿಲ್ಲ, ಎಚ್ಚರವಿಲ್ಲದೆ ನಡೆದವನ ಕಾಲಡಿ ಒಂದೂ ಸಾಯದಿದ್ದರೂ ದೋಷವಿದೆ.

ಮುನಿಗಳ ಐದು ಸಮಿತಿಗಳಲ್ಲಿ ಒಂದರ ಹೆಸರು ಆದಾನ ನಿಕ್ಷೇಪಣ ಸಮಿತಿ. ವಸ್ತುಗಳನ್ನು ಎತ್ತಿಕೊಳ್ಳುವಾಗ, ಕೆಳಗಿಡುವಾಗ ಇರಬೇಕಾದ ಎಚ್ಚರ. ಪೆನ್ ಡ್ರೈವಿಗೆ ಇದಕ್ಕಿಂತ ಒಪ್ಪುವ ನಿಯಮ ಯಾವ ಕಂಪನಿಯ ಕೈಪಿಡಿಯಲ್ಲೂ ನಾನು ಕಂಡಿಲ್ಲ.

ಆದರೆ ಮುನಿಗೆ ಹೊತ್ತಿದೆ. ನೆಲ ಸವರುವುದೇ ಅವನ ಸಾಧನೆ. ನಲವತ್ತು ಜನ ಎದುರು ನಿಂತು 'ಅಣ್ಣ, ನನ್ನದು ಬೇಗ' ಎನ್ನುವಾಗ ಅಂಗಡಿಯ ಹುಡುಗ ಪ್ರತಿ ಪೆನ್ ಡ್ರೈವನ್ನೂ ಹತ್ತು ನಿಮಿಷ ಸ್ಕ್ಯಾನ್ ಮಾಡುತ್ತ ಕೂತರೆ ಅವನ ಕೆಲಸ ಉಳಿಯುವುದಿಲ್ಲ. ಅಂಥ ಎಷ್ಟೋ ಅಂಗಡಿಗಳಲ್ಲಿದ್ದದ್ದು ಕಳ್ಳಪ್ರತಿಯ ವಿಂಡೋಸ್. ಅಪ್‌ಡೇಟ್ ಹಾಕಿದರೆ ಎಲ್ಲಿ ನಿಂತುಹೋಗುತ್ತದೋ ಎಂದು ಅದನ್ನು ಬಂದ್ ಮಾಡಿಟ್ಟಿರುತ್ತಿದ್ದರು. ಅಸಲಿಗೆ ಕೊಡಬೇಕಾದ ದುಡ್ಡು ಅವನ ತಿಂಗಳ ಸಂಬಳದಷ್ಟು. ಆದ್ದರಿಂದ ಎಚ್ಚರವನ್ನು ಎಲ್ಲರಿಂದ ಒಂದೇ ಅಳತೆಯಲ್ಲಿ ಕೇಳುವುದು ನ್ಯಾಯವಲ್ಲ. ಯಾರ ಕೈಯಲ್ಲಿ ಹೆಚ್ಚು ಶಕ್ತಿ, ಹೆಚ್ಚು ಹೊತ್ತು, ಹೆಚ್ಚು ತಿಳಿವಳಿಕೆ ಇದೆಯೋ ಅವರ ಪಾಲು ಹೆಚ್ಚು. ನಡೆದದ್ದು ಬೇರೆ. ಹೆಚ್ಚು ಶಕ್ತಿ ಇದ್ದವರೇ ಹೆಚ್ಚು ಮೈಮರೆತರು, ಕೆಲವೊಮ್ಮೆ ಬೇಕೆಂದೇ.

ಅದನ್ನು ಹೇಳಲು ಕಾಪುವಿನ ಕಡೆ ಹೋಗಬೇಕು. ಕಾಪುವಿನಲ್ಲಿ ಮೂರು ಮಾರಿಗುಡಿಗಳಿವೆ, ವರ್ಷಕ್ಕೆ ಮೂರು ಮಾರಿಪೂಜೆ: ಸುಗ್ಗಿ, ಆಟಿ, ಜಾರ್ದೆ. ಮಂಗಳವಾರ ಬುಧವಾರಗಳಲ್ಲಿ ಹೆದ್ದಾರಿಯ ಆಚೀಚೆ ಜನಸಾಗರ. ರೋಗ ತರುವವಳೂ ಕಳೆಯುವವಳೂ ಒಬ್ಬಳೇ ಎಂಬುದು ನಮ್ಮ ಕಡೆಯ ಮಾರಿಯ ಕಲ್ಪನೆ, ಅದರಲ್ಲಿ ಆಳವಾದ ವಿವೇಕ ಇದೆ. ಆದರೆ ನಾನು ಹೇಳುತ್ತಿರುವುದು ಗುಡಿಯ ಪೂಜೆಯ ಬಗ್ಗೆ ಅಲ್ಲ. ಸಿಡುಬು, ಕಾಲರಾಗಳ ಕಾಲದಲ್ಲಿ ಕರಾವಳಿಯಲ್ಲೂ ಘಟ್ಟದ ಮೇಲೂ ಇದ್ದ ಇನ್ನೊಂದು ಪದ್ಧತಿ: ಮಾರಿಯನ್ನು ಓಡಿಸುವುದು. ಊರಿನ ಮಾರಿಯನ್ನು ಸಂಕೇತವಾಗಿ ಹೊತ್ತು, ರಾತ್ರಿ ಬೊಬ್ಬೆ ಹಾಕುತ್ತ ಗಡಿಯವರೆಗೆ ಒಯ್ದು ಅಲ್ಲಿ ಬಿಟ್ಟು ಬರುವುದು. ನಮ್ಮ ಗಡಿ ಮುಗಿಯುವಲ್ಲಿ ಪಕ್ಕದ ಊರು ಶುರು. ಬೆಳಗ್ಗೆ ಅವರು ನೋಡಿ, ತಮ್ಮ ಇನ್ನೊಂದು ಗಡಿಗೆ ದಾಟಿಸುತ್ತಿದ್ದರು. ಆಟಿ ತಿಂಗಳಲ್ಲಿ ಮನೆಮನೆಗೆ ಬರುವ ಕಳೆಂಜನೂ ಮನೆಯ ಮಾರಿಯನ್ನು ಕಳೆಯುವವನೇ. ಆ ವೇಷ ಹಾಕುವವರು ನಲಿಕೆಯವರು. ಕೆಡುಕನ್ನು ಹೊತ್ತು ಹೊರಗೊಯ್ಯುವ ಕೆಲಸ ಯಾರ ಪಾಲಿಗೆ ಬಂತು ಎಂಬುದನ್ನೂ ಇಲ್ಲಿ ಗಮನಿಸಬೇಕು.

ಪಕ್ಕದ ಊರಿನವರಿಗೆ ರೋಗ ಬರಲಿ ಎಂದು ಯಾರೂ ಹಾರೈಸಿರಲಿಕ್ಕಿಲ್ಲ. ಆ ಕಡೆ ಯೋಚನೆಯೇ ಹೋಗಲಿಲ್ಲ, ಅಷ್ಟೆ. ವೈರಸ್ ವಿಷಯದಲ್ಲಿ ನಾವೂ ಹೀಗೇ ಮಾಡುತ್ತೇವೆ. ನಮ್ಮ ಯಂತ್ರಕ್ಕೆ ಫಾರ್ಮ್ಯಾಟ್ ಹೊಡೆದೆವು, ಶುದ್ಧವಾಯಿತು, ಮುಗಿಯಿತು. ಅದೇ ಪೆನ್ ಡ್ರೈವನ್ನು ಹಿಂದಿನ ವಾರ ಯಾರ್ಯಾರಿಗೆ ಕೊಟ್ಟಿದ್ದೆವು ಎಂದು ನೆನಪು ಮಾಡಿಕೊಂಡು ಹೇಳಿಬರುವವರು ಎಷ್ಟು ಜನ?

ದೊಡ್ಡವರ ಮಾರಿ ಓಡಿಸುವಿಕೆ ಇನ್ನೂ ದೊಡ್ಡದು. 2010ರಲ್ಲಿ ಬಯಲಿಗೆ ಬಂದ ಸ್ಟಕ್ಸ್‌ನೆಟ್ ಎಂಬ ವರ್ಮನ್ನು ಬರೆದದ್ದು ಇರಾನಿನ ನತಾಂಜ್‌ನಲ್ಲಿ ಯುರೇನಿಯಂ ಸಂಸ್ಕರಿಸುವ ಯಂತ್ರಗಳನ್ನು ಕೆಡಿಸಲು. ಅಮೆರಿಕ ಮತ್ತು ಇಸ್ರೇಲ್ ಸೇರಿ ಮಾಡಿದ್ದು ಎಂಬುದು ಎಲ್ಲೆಡೆ ವರದಿಯಾಗಿದೆ, ಅವು ಅಧಿಕೃತವಾಗಿ ಒಪ್ಪಿಲ್ಲ. ಅದೂ ಪೆನ್ ಡ್ರೈವಿನಿಂದ ಹರಡುವಂಥದೇ. ಇರಾನಿಗಾಗಿ ಮಾಡಿದ್ದು ಇರಾನಿನಲ್ಲಿ ನಿಲ್ಲಲಿಲ್ಲ. ಸಿಮ್ಯಾಂಟೆಕ್ ಕಂಪನಿಯ ಲೆಕ್ಕದಲ್ಲಿ ಹೆಚ್ಚು ಸೋಂಕಿತ ಯಂತ್ರಗಳಿದ್ದ ದೇಶಗಳಲ್ಲಿ ಇರಾನ್, ಇಂಡೋನೇಷ್ಯಾ ಆದ ಮೇಲೆ ಮೂರನೆಯ ಸ್ಥಾನ ಭಾರತದ್ದು. ಆ ಜಗಳದಲ್ಲಿ ನಮ್ಮ ಪಾಲು ಏನೂ ಇರಲಿಲ್ಲ. ನಾವು ಬರೀ ಪಕ್ಕದ ಊರು.

ವಾನಾಕ್ರೈ ಕಥೆ ಇದಕ್ಕಿಂತ ಕಹಿ. ವಿಂಡೋಸ್‌ನಲ್ಲಿದ್ದ ಒಂದು ಬಿರುಕನ್ನು ಅಮೆರಿಕದ ಗುಪ್ತಚರ ಸಂಸ್ಥೆ ಎನ್‌ಎಸ್‌ಎ ಕಂಡುಹಿಡಿದು, ಮೈಕ್ರೋಸಾಫ್ಟಿಗೆ ಹೇಳದೆ ತನ್ನ ಆಯುಧವಾಗಿ ಇಟ್ಟುಕೊಂಡಿತ್ತು. ಆ ಆಯುಧ ಕಳವಾಯಿತು. 2017ರ ಮಾರ್ಚ್ 14ರಂದು ಮೈಕ್ರೋಸಾಫ್ಟ್ ಬಿರುಕು ಮುಚ್ಚುವ ಅಪ್‌ಡೇಟ್ ಕೊಟ್ಟಿತು, ಏಪ್ರಿಲಿನಲ್ಲಿ ಕದ್ದವರು ಆಯುಧವನ್ನು ಎಲ್ಲರೆದುರು ಬಿಡುಗಡೆ ಮಾಡಿದರು, ಮೇ 12ರಂದು ವಾನಾಕ್ರೈ ಅದನ್ನೇ ಹಿಡಿದು ನುಗ್ಗಿತು. ಫೈಲುಗಳಿಗೆ ಬೀಗ ಹಾಕಿ, ಬಿಡಿಸಲು 300 ಡಾಲರ್ ಕೇಳುವ ವರ್ಮ್ ಅದು. ಇದಕ್ಕೆ ಯಾರೂ ಏನನ್ನೂ ಒತ್ತಬೇಕಿರಲಿಲ್ಲ, ಯಂತ್ರದಿಂದ ಯಂತ್ರಕ್ಕೆ ತಾನೇ ಹಾರುತ್ತಿತ್ತು. ಕೆಲವೇ ದಿನಗಳಲ್ಲಿ ಸುಮಾರು 150 ದೇಶಗಳ 2 ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳು. ಬ್ರಿಟನ್ನಿನ ಸರಕಾರಿ ಆಸ್ಪತ್ರೆಗಳು ರೋಗಿಗಳನ್ನು ವಾಪಸು ಕಳಿಸಿದವು, ಆಪರೇಷನ್‌ಗಳು ಮುಂದಕ್ಕೆ ಹೋದವು. ಆ ಆಸ್ಪತ್ರೆಯವರು ಎರಡು ತಿಂಗಳಾದರೂ ಅಪ್‌ಡೇಟ್ ಹಾಕಿರಲಿಲ್ಲವಲ್ಲ ಎಂದು ಬೈದವರಿದ್ದಾರೆ. ಬೈಯಬಹುದು. ಆದರೆ ನೆರೆಮನೆಯ ಬಾಗಿಲಿನ ಚಿಲಕ ಮುರಿದಿದೆಯೆಂದು ಗೊತ್ತಿದ್ದೂ, ಮುಂದೆ ತನಗೇ ನುಗ್ಗಲು ಬೇಕಾದೀತು ಎಂದು ಸುಮ್ಮನಿದ್ದವನ ಪ್ರಮಾದಕ್ಕೆ ಯಾವ ಸಮಿತಿಯ ಹೆಸರು ಇಡೋಣ?

ಸುಮ್ಮನಿರುವುದು, ನನ್ನ ಲೆಕ್ಕದಲ್ಲಿ, ಇಡೀ ವಿಷಯದ ಗಂಟು. ಅರಿಯದೆ ದಾಟಿಸಿದ ಕ್ಷಣದಲ್ಲಿ ತಪ್ಪು ಇಲ್ಲದಿರಬಹುದು. ಅರಿವಾದ ಮೇಲೆ ಬಾಯಿ ಬಿಡದೆ ಇರುವುದರಲ್ಲಿ ಇದೆ. 2019ರ ಅಕ್ಟೋಬರ್ 29ರಂದು ಕೂಡಂಕುಳಂ ಅಣುಸ್ಥಾವರದವರು ತಮ್ಮ ಮೇಲೆ ಸೈಬರ್ ದಾಳಿ ಸಾಧ್ಯವೇ ಇಲ್ಲ ಎಂದು ಹೇಳಿಕೆ ಕೊಟ್ಟರು. ಮರುದಿನ ಅಣುವಿದ್ಯುತ್ ನಿಗಮ ಮಾಲ್‌ವೇರ್ ಸಿಕ್ಕಿದ್ದು ನಿಜ ಎಂದು ಒಪ್ಪಿತು. ಆಡಳಿತದ ಕೆಲಸಕ್ಕೆ ಅಂತರ್ಜಾಲಕ್ಕೆ ಜೋಡಿಸಿದ್ದ ಒಂದು ಕಂಪ್ಯೂಟರಿನಲ್ಲಿ, ಸ್ಥಾವರ ನಡೆಸುವ ವ್ಯವಸ್ಥೆಯಲ್ಲಿ ಅಲ್ಲ. ಸೈಬರ್ ಭದ್ರತೆಯ ಕೇಂದ್ರ ಸಂಸ್ಥೆ ಸರ್ಟ್-ಇನ್ ಸೆಪ್ಟೆಂಬರ್ 4ಕ್ಕೇ ವಿಷಯ ತಿಳಿಸಿತ್ತಂತೆ. ಹೆದರಿಸುವಂಥ ಹಾನಿ ಆಗಿರಲಿಲ್ಲ. ಹಾಗಿದ್ದೂ ಮೊದಲು ಬಾಯಿಗೆ ಬಂದ ಮಾತು 'ಇಲ್ಲ'. 2022ರ ಏಪ್ರಿಲಿನಲ್ಲಿ ಸರ್ಟ್-ಇನ್, ಇಂಥ ಘಟನೆ ಗೊತ್ತಾದ 6 ಗಂಟೆಯೊಳಗೆ ವರದಿ ಮಾಡಬೇಕೆಂದು ಆದೇಶ ಹೊರಡಿಸಬೇಕಾಯಿತು.

ಯಾಕೆ ಮುಚ್ಚಿಡುತ್ತೇವೆ? ದಂಡದ ಭಯ, ಗಿರಾಕಿ ತಪ್ಪುವ ಭಯ ಇದ್ದದ್ದೇ. ಇನ್ನೊಂದು ಹಳೆಯ ಕಾರಣ ನಮ್ಮ ಕಡೆಯವರಿಗೆ ಬೇಗ ಅರ್ಥವಾಗುತ್ತದೆ. ಮಡಿ ಮೈಲಿಗೆಯ ಲೆಕ್ಕದಲ್ಲಿ ಬೆಳೆದ ಮನಸ್ಸಿಗೆ ಸೋಂಕು ಎಂದರೆ ಕಳಂಕ. ಮುಟ್ಟಿಸಿಕೊಂಡವನು ಕೆಟ್ಟವನು, ಸ್ನಾನ ಮಾಡಿ ಬಂದರೆ ಮತ್ತೆ ಶುದ್ಧ, ನಡುವಿನದ್ದನ್ನು ಯಾರಿಗೂ ಹೇಳಬಾರದು. ಈ ಲೆಕ್ಕ ಮನುಷ್ಯರನ್ನು ಹೇಗೆ ದೂರ ಇಟ್ಟಿತು ಎಂಬುದು ಗೊತ್ತಿರುವುದೇ. ಅದು ಕಂಪ್ಯೂಟರಿಗೂ ಕೆಲಸಕ್ಕೆ ಬಾರದ್ದು, ಯಾಕೆಂದರೆ ಕೋಹೆನ್ ಹೇಳಿದಂತೆ ಪೂರ್ತಿ ಮಡಿಯ ಯಂತ್ರ ಎಂಬುದು ಇಲ್ಲ. ವೈರಸ್ ಬಂದದ್ದು ಅವಮಾನ ಎಂದುಕೊಂಡಷ್ಟು ದಿನ ಅದು ಹಾಯಾಗಿ ಹರಡುತ್ತದೆ.

ಇದಕ್ಕೆ ಬೇರೆ ಪಾಠವೂ ನಮ್ಮ ಪಕ್ಕದಲ್ಲೇ ಇದೆ. 2018ರ ಮೇ ತಿಂಗಳಲ್ಲಿ ಕೇರಳದ ಕೋಯಿಕ್ಕೋಡಿನಲ್ಲಿ ಒಂದೇ ಮನೆಯವರು ಒಬ್ಬರ ಹಿಂದೊಬ್ಬರಾಗಿ ಜ್ವರಕ್ಕೆ ಬಿದ್ದಾಗ ಮಾದರಿಗಳು ಬಂದದ್ದು ಮಣಿಪಾಲದ ವೈರಸ್ ಸಂಶೋಧನಾ ಕೇಂದ್ರಕ್ಕೆ. ಅದು ನಿಫಾ ಎಂದು ಬೇಗನೆ ಗುರುತು ಸಿಕ್ಕಿತು. ಔಷಧಿ ಇಲ್ಲದ, ಲಸಿಕೆ ಇಲ್ಲದ ರೋಗ. ಅದನ್ನು ತಡೆದದ್ದು ಒಂದು ಪಟ್ಟಿ: ರೋಗಿ ಯಾವ ಆಸ್ಪತ್ರೆಯ ಯಾವ ಕಾರಿಡಾರಿನಲ್ಲಿ ಕೂತಿದ್ದ, ಯಾರು ಅವನ ಮೈ ಒರೆಸಿದರು, ಅವರು ಆಮೇಲೆ ಎಲ್ಲಿಗೆ ಹೋದರು. ಜನ ಬಾಯಿಬಿಟ್ಟು ಹೇಳಿದರೆ ಮಾತ್ರ ಆಗುವ ಪಟ್ಟಿ ಅದು. ಎಲ್ಲಿ ಹೋಗಿದ್ದೆ ಎಂದು ಹೇಳಿದವನನ್ನು ಊರು ಅಪರಾಧಿಯಂತೆ ನೋಡಿದರೆ ಮುಂದಿನವನು ಹೇಳುವುದಿಲ್ಲ. ಹಾಗಾಗಿ ಹೊಣೆ ಹೇಳುವವನದಷ್ಟೇ ಅಲ್ಲ, ಕೇಳಿಸಿಕೊಳ್ಳುವವರದೂ ಹೌದು.

ಪೆನ್ ಡ್ರೈವ್ ಕಾಲ ಮುಗಿದು ಈಗ ಮದುವೆ ಆಮಂತ್ರಣದ ಕಾಲ. ವಾಟ್ಸಾಪಿನಲ್ಲಿ ಪರಿಚಯದವರ ನಂಬರಿನಿಂದ ಒಂದು ಫೈಲ್. ಹೆಸರು ಆಮಂತ್ರಣ ಪತ್ರಿಕೆಯದು, ಕೊನೆಯಲ್ಲಿ ಎಪಿಕೆ ಎಂಬ ಮೂರಕ್ಷರ. ಅಂದರೆ ಅದು ಚಿತ್ರವಲ್ಲ, ಆ್ಯಪ್. ಒತ್ತಿದರೆ ಮೆಸೇಜು ಓದಲು ಅನುಮತಿ ಕೇಳುತ್ತದೆ. ಕೊಟ್ಟರೆ ಬ್ಯಾಂಕಿನ ಒಟಿಪಿಗಳು ಇನ್ನೆಲ್ಲಿಗೋ ಹೋಗತೊಡಗುತ್ತವೆ, ಅದೇ ಆಮಂತ್ರಣ ನಿಮ್ಮ ಹೆಸರಲ್ಲಿ ನಿಮ್ಮವರಿಗೆಲ್ಲ ಹೋಗುತ್ತದೆ. 2000ದ ಮೇ ತಿಂಗಳಲ್ಲಿ ಮನಿಲಾದಿಂದ ಹೊರಟು ಜಗತ್ತನ್ನೇ ಸುತ್ತಿದ ವರ್ಮ್ ಕೂಡ ಪರಿಚಯದವರ ವಿಳಾಸದಿಂದ ಪ್ರೇಮಪತ್ರದ ವೇಷದಲ್ಲಿ ಬಂದಿತ್ತು. ಬರೆದ ವಿದ್ಯಾರ್ಥಿಯನ್ನು ಶಿಕ್ಷಿಸಲು ಆಗ ಫಿಲಿಪೀನ್ಸಿನಲ್ಲಿ ಕಾನೂನೇ ಇರಲಿಲ್ಲ. ಎರಡರಲ್ಲೂ ಒಳಗೆ ಬರುವ ದಾರಿ ವಿಂಡೋಸ್ ಬಿರುಕಲ್ಲ, ನೆಂಟಸ್ತಿಕೆ. ದೊಡ್ಡಪ್ಪನ ನಂಬರಿನಿಂದ ಬಂದದ್ದನ್ನು ಅನುಮಾನಿಸುವ ಮನೆ ಯಾವುದು? ಅನುಮಾನಿಸುವುದನ್ನೇ ಎಲ್ಲರಿಗೂ ಕಲಿಸಿದರೆ ವೈರಸ್ ಸೋಲಬಹುದು, ಆದರೆ ದೊಡ್ಡಪ್ಪನ ಮಾತೂ ಅದರೊಂದಿಗೆ ಸೋಲುತ್ತದೆ. ನನಗೆ ಅದು ಸರಿಯಾದ ವ್ಯಾಪಾರ ಅನ್ನಿಸುವುದಿಲ್ಲ. ಒತ್ತುವ ಮುನ್ನ ಒಂದು ಕರೆ ಮಾಡಿ 'ನೀವೇ ಕಳಿಸಿದ್ದಾ?' ಎಂದು ಕೇಳುವುದು ಅನುಮಾನವಲ್ಲ, ಪಿಂಛಿಯಿಂದ ನೆಲ ಸವರಿದ ಹಾಗೆ.

ಇತ್ತೀಚೆಗೆ ಪರಿಚಯದವರ ಸ್ಟೇಟಸ್‌ಗಳಲ್ಲಿ ಒಂದು ಸಾಲು ಆಗಾಗ ಕಾಣುತ್ತದೆ: ನನ್ನ ಫೋನ್ ಹ್ಯಾಕ್ ಆಗಿದೆ, ನನ್ನ ನಂಬರಿನಿಂದ ಬಂದ ಯಾವ ಫೈಲನ್ನೂ ತೆರೆಯಬೇಡಿ, ದುಡ್ಡು ಕೇಳಿದರೆ ಕೊಡಬೇಡಿ. ತಪ್ಪಕ್ಷರಗಳ ನಡುವೆ ಮೂರು ಕೈಮುಗಿದ ಚಿತ್ರ. ಓದಿ ನಗುವವರೂ ಇದ್ದಾರೆ. ಗಡಿಯಲ್ಲಿ ಮಾರಿ ಬಿಟ್ಟು ಬಂದವರು ಬೆಳಗಾಗುವ ಮುನ್ನ ಪಕ್ಕದ ಊರಿಗೆ ಓಡಿ ಬಾಗಿಲು ತಟ್ಟಿದ ಹಾಗೆ ನನಗೆ ಅದು ಕಾಣುತ್ತದೆ. ಸಾಮಾನ್ಯವಾಗಿ ಅದು ಎರಡು ದಿನ ತಡವಾಗಿ ಬರುತ್ತದೆ. 1930ಕ್ಕೆ ಕರೆ ಮಾಡಿ, ಬ್ಯಾಂಕಿಗೆ ಹೋಗಿ, ಬೆಂಗಳೂರಿನಲ್ಲೋ ದುಬೈಯಲ್ಲೋ ಇರುವ ಮಗನನ್ನು ಕೇಳಿ, ಮನೆಯಲ್ಲಿ ಬೈಸಿಕೊಂಡು, ಆಮೇಲೆ ಬರೆಯಬೇಕಲ್ಲ.